ಹಸಿದವರ ಮುಂದಾಳಿಗೆ ದೇವರು ಬಲವೇ, ಭಾರವೇ?

ಪರ: ಮರುದಿನವೂ ಒಲೆ ಹಚ್ಚುವವರು

ಮೊದಲೇ ಹೇಳಿಬಿಡುತ್ತೇನೆ, ನನಗೆ ದೇವರಲ್ಲಿ ನಂಬಿಕೆಯಿಲ್ಲ. ಮೇಲೆ ಕುಳಿತು ಪಾಪಪುಣ್ಯದ ಲೆಕ್ಕ ಬರೆಯುವವರು ಯಾರೋ ಇದ್ದಾರೆ ಎಂದು ಎಂದೂ ಅನ್ನಿಸಿಲ್ಲ. ಹಾಗಿದ್ದೂ ಹಸಿವಿನ ವಿರುದ್ಧ ಹೆಣಗಿದವರ ಚರಿತ್ರೆಯನ್ನು ಓದಿದಾಗಲೆಲ್ಲ ನನ್ನ ನಾಸ್ತಿಕತೆಗೆ ಸ್ವಲ್ಪ ಮುಜುಗರವಾಗುತ್ತದೆ. ಮೊದಲ ದಿನ ಬಡಿಸಲು ಯಾರು ಬೇಕಾದರೂ ಬರುತ್ತಾರೆ. ಕ್ಷಾಮದ ಚಿತ್ರಗಳು ಟಿ.ವಿ.ಯಲ್ಲಿ ಬಂದ ವಾರ ದೇಣಿಗೆ ಹೊಳೆಯಾಗಿ ಹರಿಯುತ್ತದೆ. ನನ್ನಂಥವರೂ ನಮ್ಮ ಪಾಲು ಕಳುಹಿಸಿ ಹಗುರಾಗುತ್ತೇವೆ. ಮೂರು ತಿಂಗಳು ಕಳೆದು, ಕ್ಯಾಮೆರಾಗಳೆಲ್ಲ ಮತ್ತೊಂದು ದುರಂತದ ಬೆನ್ನು ಹತ್ತಿದ ಮೇಲೆ ಆ ಒಲೆಯ ಮುಂದೆ ಉಳಿದವರು ಯಾರು ಎಂದು ನೋಡಿದರೆ, ಅಲ್ಲಿ ಒಬ್ಬ ಪಾದ್ರಿಯೋ ಸನ್ಯಾಸಿನಿಯೋ ಫಕೀರನೋ ಕಾಣಿಸುತ್ತಾನೆ. ಈ ಸಂಗತಿಯನ್ನು ಕಾಕತಾಳೀಯ ಎಂದು ತಳ್ಳಿಹಾಕಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಸಾಧ್ಯವಾಗಿಲ್ಲ.

ಹಸಿವಿನ ಸ್ವಭಾವವೇ ಅಂಥದ್ದು. ಭೂಕಂಪ ಒಮ್ಮೆ ಬಂದು ಹೋಗುತ್ತದೆ, ಪ್ರವಾಹ ಇಳಿಯುತ್ತದೆ. ಹಸಿವು ಮಾತ್ರ ದಿನಕ್ಕೆರಡು ಸಲ ಹೊಸದಾಗಿ ಹುಟ್ಟುತ್ತದೆ. ಇವತ್ತು ಉಂಡವನು ನಾಳೆಯೂ ಬರುತ್ತಾನೆ, ನಾಡಿದ್ದೂ ಬರುತ್ತಾನೆ. ಗೆದ್ದೆವು ಎಂದು ಹೇಳಿಕೊಳ್ಳುವ ಗಳಿಗೆ ಈ ಕೆಲಸದಲ್ಲಿ ಬರುವುದೇ ಇಲ್ಲ. ಆದ್ದರಿಂದ ಇಲ್ಲಿ ಮುಂದೆ ನಿಲ್ಲುವವನಲ್ಲಿ ಜಾಣತನ, ಮಾತುಗಾರಿಕೆ, ವ್ಯವಹಾರಜ್ಞಾನ ಎಲ್ಲಕ್ಕಿಂತ ಮೊದಲು ಬೇಕಾದದ್ದು ಬೇಸರಪಡದ ಗುಣ. ಅದು ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಕುತೂಹಲ.

ತಮಿಳುನಾಡಿನ ವಡಲೂರಿನಲ್ಲಿ ರಾಮಲಿಂಗ ಸ್ವಾಮಿಗಳು 1867ರ ಮೇ 23ರಂದು ಒಂದು ಧರ್ಮಶಾಲೆ ತೆರೆದು ಒಲೆ ಹಚ್ಚಿಸಿದರು. ಜಾತಿ ಕೇಳುವಂತಿಲ್ಲ, ಮತ ಕೇಳುವಂತಿಲ್ಲ, ಬಂದವರಿಗೆಲ್ಲ ಊಟ. ಆ ಬೆಂಕಿಯನ್ನು ಅಂದಿನಿಂದ ಆರಲು ಬಿಟ್ಟಿಲ್ಲ. ಸ್ವಾಮಿಗಳು 1874ರಲ್ಲಿ ಕಣ್ಮರೆಯಾದರು. ಎರಡೇ ವರ್ಷಕ್ಕೆ ದಕ್ಷಿಣ ಭಾರತದ ಮೇಲೆ ಮಹಾಕ್ಷಾಮ ಎರಗಿತು. ಎರಡು ಮಹಾಯುದ್ಧಗಳು ನಡೆದವು, ಸಾಮ್ರಾಜ್ಯ ಹೋಗಿ ಗಣರಾಜ್ಯ ಬಂತು. ಒಲೆ ಉರಿಯುತ್ತಲೇ ಇದೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಕೆಲಸವನ್ನು ದಿನ ತಪ್ಪಿಸದೆ ಮಾಡಿದ ಯಾವ ಇಲಾಖೆಯನ್ನು, ಯಾವ ಕಂಪನಿಯನ್ನು ಇದರ ಪಕ್ಕದಲ್ಲಿ ನಿಲ್ಲಿಸೋಣ? ಅನ್ನ ಹಾಕುವುದು ಪೂಜೆಯ ಜೊತೆಗೆ ಮಾಡಬೇಕಾದ ಒಂದು ಒಳ್ಳೆಯ ಕೆಲಸ ಎಂದು ರಾಮಲಿಂಗರು ಹೇಳಲಿಲ್ಲ. ಜೀವಿಗಳ ಹಸಿವು ನೀಗುವುದೇ ಪೂಜೆ ಎಂದರು. ವ್ಯತ್ಯಾಸ ಚಿಕ್ಕದಲ್ಲ. ಒಳ್ಳೆಯ ಕೆಲಸಕ್ಕೆ ಒಂದು ದಿನ ರಜೆ ಹಾಕಬಹುದು.

ಆದರೆ ನನ್ನ ಮೆಚ್ಚಿನ ಉದಾಹರಣೆ ಸನ್ಯಾಸಿಯದ್ದಲ್ಲ, ರಾಜಕಾರಣಿಯದ್ದು. ಅಮೆರಿಕದ ಒಹಾಯೊ ರಾಜ್ಯದ ಟೋನಿ ಹಾಲ್ 1979ರಿಂದ 2002ರವರೆಗೆ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿದ್ದರು. ಶ್ರದ್ಧಾವಂತ ಕ್ರೈಸ್ತರು. 1984ರಲ್ಲಿ ಇಥಿಯೋಪಿಯದ ಕ್ಷಾಮವನ್ನು ಕಣ್ಣಾರೆ ನೋಡಿ ಬಂದ ಮೇಲೆ ಹಸಿವನ್ನೇ ತಮ್ಮ ರಾಜಕಾರಣದ ಮುಖ್ಯ ವಿಷಯ ಮಾಡಿಕೊಂಡರು. ಆ ಸದನದಲ್ಲಿ ಹಸಿವಿಗೆಂದೇ ಒಂದು ವಿಶೇಷ ಸಮಿತಿಯಿತ್ತು. ಅದನ್ನು ಕಟ್ಟಿ ಬೆಳೆಸಿದ ಮಿಕಿ ಲೇಲೆಂಡ್ 1989ರ ಆಗಸ್ಟ್‌ನಲ್ಲಿ ಇಥಿಯೋಪಿಯದ ನಿರಾಶ್ರಿತರ ಶಿಬಿರವೊಂದಕ್ಕೆ ಹೋಗುತ್ತಿದ್ದಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಹಾಲ್ ಬಂದರು. 1993ರಲ್ಲಿ ಸದನ ಆ ಸಮಿತಿಯನ್ನೇ ಮುಚ್ಚಿತು.

ಇಂಥ ಹೊತ್ತಿನಲ್ಲಿ ರಾಜಕಾರಣಿಗಳು ಏನು ಮಾಡುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಒಂದು ಪತ್ರಿಕಾ ಹೇಳಿಕೆ, ಒಂದು ಖಾರವಾದ ಭಾಷಣ, ಆಮೇಲೆ ಇನ್ನೊಂದು ಸಮಿತಿಗೆ ಅರ್ಜಿ. ಹಾಲ್ ಊಟ ಬಿಟ್ಟರು. ಆ ಏಪ್ರಿಲ್‌ನಲ್ಲಿ 22 ದಿನ ಬರೀ ನೀರು ಕುಡಿದುಕೊಂಡು ಇದ್ದರು. ಮುಚ್ಚಿದ ಸಮಿತಿ ತೆರೆಯಲಿಲ್ಲ. ಆದರೆ ಕಾಂಗ್ರೆಷನಲ್ ಹಂಗರ್ ಸೆಂಟರ್ ಎಂಬ ಸಂಸ್ಥೆ ಆ ಉಪವಾಸದ ಬೆನ್ನಿಗೇ ಹುಟ್ಟಿತು. ಅದೇ ವರ್ಷದ ಕೊನೆಗೆ ವಿಶ್ವ ಬ್ಯಾಂಕ್ ಜಾಗತಿಕ ಹಸಿವಿನ ಬಗ್ಗೆ ಸಮ್ಮೇಳನ ಕರೆಯಿತು. ಹಸಿವಿನ ಬಗ್ಗೆ ಮಾತನಾಡುವವನು ಹಸಿದೇ ಮಾತನಾಡಬೇಕು ಎಂದು ಯಾವ ಆಡಳಿತ ಶಾಸ್ತ್ರದ ಪಠ್ಯವೂ ಹೇಳಿಕೊಟ್ಟಿರಲಾರದು. ಅದು ಅವರ ಧರ್ಮದ ಹಳೆಯ ಪೆಟ್ಟಿಗೆಯಿಂದ ಬಂದ ಉಪಕರಣ.

ಇನ್ನೊಂದು ಮಾತು. ಹಾಲ್ ಡೆಮಾಕ್ರಟ್. ಅವರ ಹತ್ತಿರದ ಗೆಳೆಯ ಫ್ರಾಂಕ್ ವುಲ್ಫ್ ಎದುರು ಪಕ್ಷದ ರಿಪಬ್ಲಿಕನ್. ಇಬ್ಬರನ್ನೂ ಬೆಸೆದದ್ದು ಪ್ರಾರ್ಥನೆ. ಎಷ್ಟೋ ವಿಷಯಗಳಲ್ಲಿ ಒಬ್ಬರಿಗೊಬ್ಬರು ವಿರುದ್ಧವಾಗಿ ಮತ ಹಾಕುತ್ತಲೇ ಹಸಿವಿನ ಪ್ರಶ್ನೆಯಲ್ಲಿ ಜೊತೆಗೆ ದುಡಿದರು. 2002ರಲ್ಲಿ ಹಾಲ್ ಅವರನ್ನು ರೋಮಿನಲ್ಲಿರುವ ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳಿಗೆ ರಾಯಭಾರಿಯಾಗಿ ಕಳುಹಿಸಿದವರೂ ಎದುರು ಪಕ್ಷದ ಅಧ್ಯಕ್ಷರೇ. ಹಸಿದವರಿಗೆ ಮತಬ್ಯಾಂಕಿನ ಬಲವಿಲ್ಲದ ಕಡೆ, ಎರಡೂ ದಡದಲ್ಲಿ ಬಾಗಿಲು ತಟ್ಟಬಲ್ಲವನೇ ಅವರಿಗೆ ಬೇಕಾದ ನಾಯಕ. ಪಕ್ಷನಿಷ್ಠೆಗಿಂತ ಮೇಲಿನ ಇನ್ನೊಂದು ನಿಷ್ಠೆ ಇರುವವನಿಗೆ ಅದು ಸುಲಭ.

ಭಕ್ತರು ಬರೀ ಗಂಜಿಯ ಪಾತ್ರೆ ಹಿಡಿದು ನಿಲ್ಲುತ್ತಾರೆ, ಮೂಲ ಕಾರಣಕ್ಕೆ ಕೈ ಹಾಕುವುದಿಲ್ಲ ಎಂಬ ಆಕ್ಷೇಪ ನನಗೆ ಗೊತ್ತು. ಒಂದು ಕಾಲದಲ್ಲಿ ನಾನೇ ಅದನ್ನು ಹೇಳುತ್ತಿದ್ದೆ. ವಿಲಿಯಂ ಬೂತ್ ಅವರನ್ನು ನೋಡಿ. ಮೆಥಡಿಸ್ಟ್ ಬೋಧಕ. 1865ರಲ್ಲಿ ಪೂರ್ವ ಲಂಡನ್ನಿನ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದರು. 1878ರಲ್ಲಿ ಅದು ಸಾಲ್ವೇಷನ್ ಆರ್ಮಿ ಎಂಬ, ಸೇನೆಯ ಮಾದರಿಯ ಕ್ರೈಸ್ತ ಸೇವಾಸಂಸ್ಥೆ ಆಯಿತು, ಬೂತ್ ಅದರ ಜನರಲ್. ಅವರು ಮುಂದಿಟ್ಟ ವಾದ ಸರಳವಾಗಿತ್ತು. ಲಂಡನ್ನಿನ ಬೀದಿಯಲ್ಲಿ ಬಾಡಿಗೆ ಗಾಡಿಯ ಕುದುರೆ ಮುಗ್ಗರಿಸಿ ಬಿದ್ದರೆ ಯಾಕೆ ಬಿದ್ದಿತು, ತಪ್ಪು ಯಾರದು ಎಂದು ಯಾರೂ ವಿಚಾರಣೆ ನಡೆಸುವುದಿಲ್ಲ, ಮೊದಲು ಎಬ್ಬಿಸುತ್ತಾರೆ. ಬದುಕಿರುವಷ್ಟು ದಿನ ಅದಕ್ಕೆ ಮೇವು, ಲಾಯ, ಕೆಲಸ ಮೂರೂ ಇವೆ. ಮನುಷ್ಯನಿಗೆ ಕುದುರೆಗೆ ಸಿಗುವಷ್ಟಾದರೂ ಸಿಗಲಿ ಎಂದರು ಬೂತ್. ಇಲ್ಲಿ ಮೂರನೆಯ ಪದವನ್ನು ಗಮನಿಸಬೇಕು. ಅವರು ಕೆಲಸವನ್ನೂ ಕೇಳಿದರು. ಬೆಂಕಿಪೊಟ್ಟಣದ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ವಿಷದಿಂದ ಹೆಣ್ಣುಮಕ್ಕಳ ದವಡೆಯ ಮೂಳೆ ಕೊಳೆಯುತ್ತಿದ್ದ ಕಾಲ ಅದು. 1891ರಲ್ಲಿ ಬೂತ್ ಕಡೆಯವರು ತಾವೇ ಕಾರ್ಖಾನೆ ತೆರೆದು, ಅಪಾಯವಿಲ್ಲದ ಕೆಂಪು ರಂಜಕ ಬಳಸಿ, ಹೆಚ್ಚು ಕೂಲಿ ಕೊಟ್ಟು ಬೆಂಕಿಕಡ್ಡಿ ಮಾಡಿಸಿದರು. ಗಂಜಿಯ ಪಾತ್ರೆಯಿಂದ ಕಾರ್ಖಾನೆಯವರೆಗೆ ಅವರನ್ನು ಕರೆದೊಯ್ದದ್ದು ಮಾರ್ಕ್ಸ್ ಅಲ್ಲ, ಬೈಬಲ್.

ಅಮೆರಿಕದ ಲೂಥರನ್ ಪಾದ್ರಿ ಆರ್ಥರ್ ಸೈಮನ್ 1974ರಲ್ಲಿ ಬ್ರೆಡ್ ಫಾರ್ ದಿ ವರ್ಲ್ಡ್ ಎಂಬ ಹಸಿವು ವಿರೋಧಿ ಸಂಸ್ಥೆ ಕಟ್ಟಿದಾಗ ಅದಕ್ಕೆ ಅಡುಗೆಮನೆಯೇ ಇರಲಿಲ್ಲ. ಚರ್ಚಿಗೆ ಬರುವವರಿಂದ ಅವರು ಜನಪ್ರತಿನಿಧಿಗಳಿಗೆ ಪತ್ರ ಬರೆಸಿದರು. ಮುಂದೆ ಅದರ ನೇತೃತ್ವ ವಹಿಸಿದ ಡೇವಿಡ್ ಬೆಕ್ಮನ್ ಪಾದ್ರಿಯೂ ಹೌದು, ವಿಶ್ವ ಬ್ಯಾಂಕಿನಲ್ಲಿ ದುಡಿದ ಅರ್ಥಶಾಸ್ತ್ರಜ್ಞರೂ ಹೌದು. 2010ರ ವಿಶ್ವ ಆಹಾರ ಪ್ರಶಸ್ತಿ ಹಂಚಿಕೊಂಡವರಲ್ಲಿ ಅವರೊಬ್ಬರು. ಬಜೆಟ್ ಓದಲು ಬರುವ ಭಕ್ತರೂ ಇದ್ದಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನನಗೆ ಹೆಚ್ಚು ಹೇಳಬೇಕಾಗಿರುವುದು ಡೊರೊಥಿ ಡೇ ಬಗ್ಗೆ. 1933ರ ಮೇ 1ರಂದು, ಮಹಾ ಆರ್ಥಿಕ ಕುಸಿತದ ನಡುವೆ, ನ್ಯೂಯಾರ್ಕಿನಲ್ಲಿ ಅವರು ಕ್ಯಾಥೊಲಿಕ್ ವರ್ಕರ್ ಪತ್ರಿಕೆ ಆರಂಭಿಸಿದರು. ಪತ್ರಿಕೆಯ ಜೊತೆಗೆ ಹಸಿದವರಿಗೆ ಊಟ, ನೆಲೆಯಿಲ್ಲದವರಿಗೆ ಮಲಗಲು ಜಾಗ ಕೊಡುವ ಮನೆಗಳು ಬಂದವು. ಡೇ ಅದೇ ಮನೆಗಳಲ್ಲಿ, ಅದೇ ಜನರ ನಡುವೆ ವಾಸವಾಗಿದ್ದರು. ಅಂಥ ಒಂದು ಕಟ್ಟಡವನ್ನು ನಗರಾಡಳಿತ ಸುರಂಗ ರೈಲುಮಾರ್ಗಕ್ಕಾಗಿ ವಶಪಡಿಸಿಕೊಂಡಿತು. ಪರಿಹಾರದ ಹಣ ಕೊಡುವುದು ತಡವಾದ್ದರಿಂದ ಬಡ್ಡಿಯನ್ನೂ ಸೇರಿಸಿತು. 1960ರಲ್ಲಿ ಡೇ ಆ ಬಡ್ಡಿಯನ್ನು, 3,579 ಡಾಲರ್ 39 ಸೆಂಟ್‌ಗಳನ್ನು, ಪತ್ರ ಬರೆದು ಹಿಂದಿರುಗಿಸಿದರು. ಹಣದಿಂದ ಹಣ ಹುಟ್ಟಿಸುವುದರಲ್ಲಿ ತಮಗೆ ನಂಬಿಕೆಯಿಲ್ಲ ಎಂಬುದು ಅವರ ಕಾರಣ.

ಎಂಥ ಮೊಂಡು ಹೆಂಗಸು ಎಂದು ಮೊದಲು ಓದಿದಾಗ ನಕ್ಕಿದ್ದೆ. ಆಮೇಲೆ ಯೋಚಿಸಿದೆ. ಬಡವರ ಹೆಸರಿನಲ್ಲಿ ಹಣ ಕೈಬದಲಾಗುವ ಕಡೆಯೆಲ್ಲ ಅನುಮಾನದ ವಾಸನೆ ಇದ್ದೇ ಇರುತ್ತದೆ. ಕೊಟ್ಟವನಿಗೆ ಅನುಮಾನ, ಪಡೆದವನಿಗೆ ಅನುಮಾನ, ನಡುವೆ ನಿಂತು ಬಡಿಸುವವನ ಮೇಲಂತೂ ಇಬ್ಬರ ಅನುಮಾನವೂ. ಬರಬೇಕಾದ ಹಣವನ್ನೂ ಬೇಡವೆಂದ ಹೆಂಗಸಿನ ಮೇಲೆ ಯಾರು ಅನುಮಾನಪಡುತ್ತಾರೆ? ಕರಾಚಿಯ ಸಮಾಜಸೇವಕ ಅಬ್ದುಲ್ ಸತ್ತಾರ್ ಈಧಿ ಬೀದಿಯಲ್ಲಿ ನಿಂತು ಕೈಚಾಚಿದಾಗ ಜನ ಲೆಕ್ಕ ಕೇಳದೆ ಕೊಡುತ್ತಿದ್ದುದೂ ಇದಕ್ಕೇ. ಎರಡು ಜೊತೆ ಬಟ್ಟೆಯ ಮನುಷ್ಯನಿಗೆ ಬಚ್ಚಿಡಲು ಜಾಗವೆಲ್ಲಿ? ಆಡಳಿತ ಶಾಸ್ತ್ರದವರು ಸೇವಕ ನಾಯಕತ್ವ ಎಂದು ಕರೆಯುವ ವಿಚಾರವನ್ನು 1970ರಲ್ಲಿ ಪ್ರಬಂಧವಾಗಿ ಬರೆದ ರಾಬರ್ಟ್ ಗ್ರೀನ್‌ಲೀಫ್ ವೃತ್ತಿಜೀವನದ ಬಹುಪಾಲು ಒಂದು ದೊಡ್ಡ ದೂರವಾಣಿ ಕಂಪನಿಯಲ್ಲಿ ದುಡಿದವರು, ನಿಜ. ಆದರೆ ಅವರೂ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಎಂಬುದನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ.

ಮತಾಂತರದ ಆಕ್ಷೇಪ ಬಂದೇ ಬರುತ್ತದೆ. ಅನ್ನದ ಜೊತೆ ದೇವರನ್ನೂ ಬಡಿಸಿದವರು ಇದ್ದರು, ಇದ್ದಾರೆ. ಆದರೆ ಅದಕ್ಕೆ ಗೆರೆ ಎಳೆದವರಲ್ಲಿಯೂ ಶ್ರದ್ಧಾವಂತರಿದ್ದಾರೆ. ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದು ಎಂಬ 1994ರ ರೆಡ್ ಕ್ರಾಸ್ ನೀತಿಸಂಹಿತೆಯನ್ನು ರೂಪಿಸಿದವರಲ್ಲಿ ಕ್ಯಾಥೊಲಿಕ್ಕರ ಕಾರಿತಾಸ್ ಇತ್ತು, ಲೂಥರನ್ ವಿಶ್ವ ಒಕ್ಕೂಟ ಇತ್ತು, ಚರ್ಚುಗಳ ವಿಶ್ವ ಮಂಡಳಿ ಇತ್ತು. ಅಮೃತಸರದ ಸ್ವರ್ಣಮಂದಿರದಲ್ಲಿ ದಿನವೂ ಹತ್ತಾರು ಸಾವಿರ ಜನ ನೆಲದ ಮೇಲೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ನೀನು ಯಾರು ಎಂದು ಅಲ್ಲಿ ಕೇಳುವವರಿಲ್ಲ. ಸರ್ಕಾರದ ಕಚೇರಿಗೆ ಹೋದರೆ ಬಡವ ಮೊದಲು ತಾನು ಬಡವನೆಂದು ಸಾಬೀತು ಮಾಡಬೇಕು. ನಾಸ್ತಿಕನಾದ ನಾನು ಹಸಿದು ಬಿದ್ದರೆ ಈ ಎರಡು ಬಾಗಿಲುಗಳಲ್ಲಿ ಯಾವುದನ್ನು ಮೊದಲು ತಟ್ಟುತ್ತೇನೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ವಿರೋಧ: ಉಣ್ಣುವವನಿಗೆ ಉತ್ತರ ಕೊಡುವವರು ಯಾರು?

ಪರವಾಗಿ ಬರೆದ ಮಿತ್ರರಿಗೆ ದೇವರಲ್ಲಿ ನಂಬಿಕೆಯಿಲ್ಲವಂತೆ. ನನಗಿದೆ. ದಿನವೂ ಪ್ರಾರ್ಥಿಸುತ್ತೇನೆ. ದೂರದಿಂದ ನೋಡುವವರಿಗೆ ಭಕ್ತರು ಚಂದ ಕಾಣುತ್ತಾರೆ. ಒಳಗಿರುವವರಿಗೆ ಅಡುಗೆಮನೆಯ ಹೊಗೆಯೂ ಗೊತ್ತು.

ಕೆಲವು ವರ್ಷ ನಾನು ಒಂದು ಧಾರ್ಮಿಕ ಸಂಸ್ಥೆಯ ಅನ್ನಶಾಲೆಯಲ್ಲಿ ಬಡಿಸಿದ್ದೇನೆ. ಪಾತ್ರೆಯ ಮುಚ್ಚಳ ತೆಗೆಯುವ ಮೊದಲು ಎಲ್ಲರಿಂದಲೂ ಪ್ರಾರ್ಥನೆ ಹೇಳಿಸುವ ಪದ್ಧತಿಯಿತ್ತು. ಸಾಲಿನಲ್ಲಿ ಕುಳಿತ ಒಬ್ಬ ಹುಡುಗನಿಗೆ ಆ ಶಬ್ದಗಳು ಬರುತ್ತಿರಲಿಲ್ಲ, ಅವು ಅವನ ಮನೆಯವರ ದೇವರ ಶಬ್ದಗಳಾಗಿರಲಿಲ್ಲ. ಸುಮ್ಮನೆ ತುಟಿ ಆಡಿಸುತ್ತಿದ್ದ. ಕಣ್ಣು ಪಾತ್ರೆಯ ಮೇಲಿತ್ತು. ಯಾರೂ ಅವನನ್ನು ಒತ್ತಾಯಿಸಿರಲಿಲ್ಲ. ಒತ್ತಾಯಿಸುವ ಅಗತ್ಯವೇ ಇರಲಿಲ್ಲ. ನಮ್ಮ ಹಿರಿಯರೊಬ್ಬರು ಅದನ್ನು ನೋಡಿ, ಮಗು ಎಷ್ಟು ಭಕ್ತಿಯಿಂದ ಪ್ರಾರ್ಥಿಸುತ್ತದೆ ಎಂದು ಸಂತೋಷಪಟ್ಟರು. ಅವರು ಕೆಟ್ಟವರಲ್ಲ. ಮಿತ್ರರು ಹೊಗಳಿದ ಗುಣಗಳೆಲ್ಲ, ಬೇಸರಪಡದ ದುಡಿಮೆ, ಸರಳ ಬದುಕು, ಶುದ್ಧ ಹಸ್ತ, ಅವರಲ್ಲಿದ್ದವು. ಎದುರಿಗಿದ್ದ ಮಗುವಿನ ಮುಖ ಓದುವುದೊಂದು ಬರುತ್ತಿರಲಿಲ್ಲ. ನಾನು ಆ ದಿನ ಏನಾದರೂ ಹೇಳಿದೆನೇ? ಇಲ್ಲ. ನಾನೂ ಬಡಿಸುತ್ತ ಹೋದೆ.

ನಂಬಿಕೆಯಿಂದ ನಡೆಯುವ ನಾಯಕತ್ವದ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಆ ನಾಯಕ ಉತ್ತರ ಕೊಡುವುದು ಮೇಲಿನವನಿಗೆ. ಕೆಳಗೆ ಕುಳಿತು ಉಣ್ಣುವವನು ಅವನ ಪುಣ್ಯಕ್ಕೆ ಸಾಧನ, ಹೆಚ್ಚೆಂದರೆ ದೇವರ ಪ್ರತಿರೂಪ. ಹಸಿದವನಿಗೆ ದೇವರಾಗುವ ಆಸೆಯಿಲ್ಲ. ಅವನಿಗೆ ಊಟ ಬೇಕು, ಅದು ರುಚಿಯಿಲ್ಲದಿದ್ದರೆ ರುಚಿಯಿಲ್ಲ ಎಂದು ಗೊಣಗುವ ಸ್ವಾತಂತ್ರ್ಯವೂ ಬೇಕು. ತಟ್ಟೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಬಡಿಸುವವನ ವ್ರತ ತೀರ್ಮಾನಿಸುವ ಕಡೆ ಪೌಷ್ಟಿಕಾಂಶದ ಪ್ರಶ್ನೆ ಎತ್ತಿದವನು ಅಪಚಾರ ಮಾಡಿದಂತೆ. ದಾನಕ್ಕೆ ಬಂದ ಊಟದಲ್ಲಿ ತಪ್ಪು ಹುಡುಕುವುದುಂಟೇ ಎಂದು ಬಾಯಿ ಮುಚ್ಚಿಸುತ್ತಾರೆ. ಪಡಿತರ ಅಂಗಡಿಯ ಮುಂದೆ ಅದೇ ಮನುಷ್ಯ ಜಗಳವಾಡಬಲ್ಲ. ಕಾರ್ಡು ತೋರಿಸಬೇಕಾಗುವುದು ಅವಮಾನ ಎನ್ನುತ್ತಾರೆ ಮಿತ್ರರು. ಇರಬಹುದು. ಆ ಕಾರ್ಡಿನ ಬಲದಿಂದಲೇ ಅವನು ನ್ಯಾಯಾಲಯಕ್ಕೂ ಹೋಗಬಲ್ಲ.

1845ರಿಂದ 1852ರವರೆಗಿನ ಐರ್ಲೆಂಡಿನ ಮಹಾಕ್ಷಾಮವನ್ನು ತೆಗೆದುಕೊಳ್ಳೋಣ. ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಸುಮಾರು 10 ಲಕ್ಷ ಜನ ಸತ್ತರು. ಕೆಲವು ಪ್ರಾಟೆಸ್ಟೆಂಟ್ ಪ್ರಚಾರಕರು ಕ್ಯಾಥೊಲಿಕ್ ಬಡವರಿಗೆ ಸೂಪ್ ಕೊಟ್ಟು, ಅದರ ಜೊತೆಗೆ ತಮ್ಮ ಮತವನ್ನೂ ಕೊಡಲು ಹೋದರು. ಸೂಪ್ ಕುಡಿದವರು ಎಂಬುದು ಬೈಗುಳವಾಗಿ ಬೆಳೆದು, ಅಂಥ ಕುಟುಂಬಗಳ ಮಕ್ಕಳು ಮೊಮ್ಮಕ್ಕಳವರೆಗೂ ಅಂಟಿಕೊಂಡಿತು. ಹಸಿವು ಕೆಲವು ವರ್ಷಗಳಲ್ಲಿ ಮುಗಿಯಿತು, ಊಟದ ಕಲೆ ತಲೆಮಾರುಗಳವರೆಗೆ ಹೋಗಲಿಲ್ಲ.

ಅದೇ ಕ್ಷಾಮದಲ್ಲಿ ಪರಿಹಾರದ ಹಣದ ಕೀಲಿಕೈ ಹಿಡಿದಿದ್ದವರು ಬ್ರಿಟಿಷ್ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್. ಅವರೂ ಗಟ್ಟಿ ನಂಬಿಕೆಯ ಕ್ರೈಸ್ತರೇ, ದುಡಿಮೆಯಲ್ಲಿ ರಾಕ್ಷಸರೇ. ಈ ವಿಪತ್ತಿನಲ್ಲಿ ಅವರಿಗೆ ಕಂಡದ್ದು ದೇವರ ಹಸ್ತ, ಐರ್ಲೆಂಡನ್ನು ತಿದ್ದಲು ಬಂದ ದೈವಸಂಕಲ್ಪ. ಬೈಬಲ್ ಒಬ್ಬನನ್ನು ಒಲೆಯ ಮುಂದೆ ನಿಲ್ಲಿಸಿದರೆ ಇನ್ನೊಬ್ಬನಿಂದ ಉಗ್ರಾಣದ ಬಾಗಿಲು ಹಾಕಿಸುತ್ತದೆ. ನಾಯಕನ ಗುಣ ನಂಬಿಕೆಯಿಂದ ಬಂತು ಎಂದು ವಾದಿಸುವವರು ಈ ಲೆಕ್ಕವನ್ನೂ ಅದೇ ಖಾತೆಗೆ ಬರೆಯಬೇಕು.

ಬೂತ್ ಅವರ ಬಗ್ಗೆ ಮಿತ್ರರು ಬರೆದದ್ದರಲ್ಲಿ ಅರ್ಧ ಮಾತ್ರ ಇದೆ. ಹಸಿದವರನ್ನು ಎತ್ತುವ ಯೋಜನೆಗಾಗಿ 1890ರಲ್ಲಿ ಅವರು ಸಾರ್ವಜನಿಕರಿಂದ ದೊಡ್ಡ ಮೊತ್ತ ಕೇಳಿದಾಗ ವಿಜ್ಞಾನಿ ಥಾಮಸ್ ಹಕ್ಸ್‌ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗೆ ಸಾಲುಸಾಲಾಗಿ ಪತ್ರ ಬರೆದು ವಿರೋಧಿಸಿದರು. ಪ್ರಶ್ನಿಸದೆ ಆಜ್ಞೆ ಪಾಲಿಸುವ ಸೇನೆಯೊಂದರ ಏಕೈಕ ಜನರಲ್ ಕೈಗೆ ಇಷ್ಟು ಹಣ, ಇಷ್ಟು ಅಧಿಕಾರ ಕೊಟ್ಟರೆ ನಾಳೆ ಅವನನ್ನು ತಡೆಯುವವರಾರು ಎಂಬುದು ಅವರ ಪ್ರಶ್ನೆ. ಹಕ್ಸ್‌ಲಿ ಬೂತ್ ಅವರಿಗೆ ಅನ್ಯಾಯವನ್ನೂ ಮಾಡಿದರು. ಆ ಪತ್ರಗಳ ವ್ಯಂಗ್ಯ ನನಗೆ ಹಿಡಿಸುವುದಿಲ್ಲ. ಆದರೆ ಪ್ರಶ್ನೆ ಸುಳ್ಳಾಗಲಿಲ್ಲ. ಬೂತ್ ತಮ್ಮ ಉತ್ತರಾಧಿಕಾರಿಯ ಹೆಸರನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು 1912ರಲ್ಲಿ ತೀರಿಕೊಂಡರು. ಲಕೋಟೆ ಒಡೆದಾಗ ಅದರಲ್ಲಿದ್ದದ್ದು ಹಿರಿಯ ಮಗ ಬ್ರಾಮ್‌ವೆಲ್ ಹೆಸರು. 1929ರಲ್ಲಿ ಅದೇ ಸಂಸ್ಥೆಯ ಹಿರಿಯರು ಸಭೆ ಸೇರಿ ಆ ಮಗನನ್ನು ಪದಚ್ಯುತಗೊಳಿಸಬೇಕಾಯಿತು. ದೇವರು ಆರಿಸಿದ ನಾಯಕನನ್ನು ಇಳಿಸಲು ಮನುಷ್ಯರಿಗೆ ಹದಿನೇಳು ವರ್ಷ ಬೇಕಾಯಿತು.

ಇನ್ನು ಡೊರೊಥಿ ಡೇ. ಅವರ ಮೇಲೆ ನನಗಿರುವ ಗೌರವ ಮಿತ್ರರಿಗಿಂತ ಕಡಿಮೆಯಲ್ಲ. ಅವರು ಹಿಂದಿರುಗಿಸಿದ 3,579 ಡಾಲರ್ ಬಗ್ಗೆ ಓದಿದಾಗ ನನ್ನೊಳಗಿನ ಭಕ್ತೆ ಚಪ್ಪಾಳೆ ತಟ್ಟುತ್ತಾಳೆ. ಬಡಿಸುತ್ತಿದ್ದವಳು ಮಾತ್ರ ಕೇಳುತ್ತಾಳೆ: ಆ ಹಣ ಯಾರದು? ಕಟ್ಟಡದಲ್ಲಿ ನೆಲೆಸಿದ್ದವರು, ಅದರ ಬಾಗಿಲಿಗೆ ಊಟಕ್ಕೆ ಬರುತ್ತಿದ್ದವರು ಆ ಬಡ್ಡಿ ಬೇಡ ಎಂದಿದ್ದರೇ? ಅವರನ್ನು ಕೇಳಲಾಯಿತೇ? ತನ್ನ ಆತ್ಮಸಾಕ್ಷಿಯ ಶುದ್ಧಿಗಾಗಿ ತನ್ನ ಊಟ ಬಿಡುವುದು ತ್ಯಾಗ. ಪಕ್ಕದವನ ಊಟವನ್ನೂ ಅದಕ್ಕೆ ಸೇರಿಸುವ ಹಕ್ಕು ಸಂತಳಿಗೂ ಇಲ್ಲ ಎಂದು ನನ್ನ ಅಭಿಪ್ರಾಯ. ಟೋನಿ ಹಾಲ್ ಅವರ ಉಪವಾಸದ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿ ಖಾಲಿಯಾದದ್ದು ಅವರ ತಟ್ಟೆ ಮಾತ್ರ.

ಒಳ್ಳೆಯ ಮನಸ್ಸಿನ ದೊಡ್ಡ ಕೆಲಸಗಳು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಬಯಾಫ್ರಾ ಇದೆ. 1967ರಿಂದ 1970ರವರೆಗೆ ನೈಜೀರಿಯದ ಅಂತರ್ಯುದ್ಧದಲ್ಲಿ, ದಿಗ್ಬಂಧನಕ್ಕೆ ಸಿಕ್ಕ ಆ ಪ್ರದೇಶದ ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾಗ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಚರ್ಚುಗಳು ಒಂದಾಗಿ ರಾತ್ರಿಯ ಕತ್ತಲಲ್ಲಿ ಊಲಿಯ ವಿಮಾನಪಟ್ಟಿಗೆ ಆಹಾರ ಇಳಿಸಿದವು. ಐದು ಸಾವಿರಕ್ಕೂ ಹೆಚ್ಚು ಹಾರಾಟಗಳು, ಸುಮಾರು 60,000 ಟನ್ ಸರಕು. ಪೈಲಟ್‌ಗಳು ಪ್ರಾಣ ಕೊಟ್ಟರು. ಓದಿದರೆ ಮೈ ನವಿರೇಳುತ್ತದೆ. ಆದರೆ ಅದೇ ಪಟ್ಟಿಯಲ್ಲಿ, ಅದೇ ಕತ್ತಲಲ್ಲಿ ಶಸ್ತ್ರಾಸ್ತ್ರದ ವಿಮಾನಗಳೂ ಇಳಿಯುತ್ತಿದ್ದವು. ಆಹಾರದ ವಿಮಾನಗಳು ಅವಕ್ಕೆ ಮರೆಯಾದವು. ನೆರವಿನ ಜೊತೆ ಬಂದ ವಿದೇಶಿ ಹಣ ಯುದ್ಧ ನಡೆಸುವವರ ಕೈಗೂ ಹೋಯಿತು. ಆ ನೆರವು ಯುದ್ಧವನ್ನು ಇನ್ನಷ್ಟು ಕಾಲ ಎಳೆಯಿತು ಎಂದು ಆಮೇಲೆ ಹಲವರು ವಾದಿಸಿದ್ದಾರೆ. ಅವರು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಆತಂಕ ಬೇರೆ. ಹಸಿದ ಮಗುವಿಗೆ ಅನ್ನ ಕೊಡು ಎಂಬುದು ದೇವರ ಆಜ್ಞೆ ಎಂದಾದ ಮೇಲೆ ಇಂಥ ಪ್ರಶ್ನೆಯನ್ನು ಕೇಳಲೂ ನಾಲಗೆ ಏಳುವುದಿಲ್ಲ. ನಾಯಕ ಅದನ್ನು ಕೇಳಲೇಬೇಕಾದವನು.

ಅಮರ್ತ್ಯ ಸೇನ್ ಬಾಲ್ಯದಲ್ಲಿ 1943ರ ಬಂಗಾಳ ಕ್ಷಾಮವನ್ನು ಕಂಡವರು. ಮುಂದೆ 1981ರಲ್ಲಿ ಅದನ್ನು ಅಧ್ಯಯನ ಮಾಡಿ ತೋರಿಸಿದ್ದು ಇಷ್ಟು: ಆಹಾರ ಇದ್ದೂ ಜನ ಸಾಯಬಹುದು, ಏಕೆಂದರೆ ಅದನ್ನು ಪಡೆಯುವ ಶಕ್ತಿ, ಹಕ್ಕು ಅವರ ಕೈಯಿಂದ ಜಾರಿರುತ್ತದೆ. ಹಸಿವು ಎಂದರೆ ಅನ್ನದ ಕೊರತೆಗಿಂತ ಅಧಿಕಾರದ ಕೊರತೆ ಎಂದಾದರೆ, ಹಸಿದವರ ಪರ ನಿಲ್ಲುವ ನಾಯಕ ಅವರಿಗೆ ಹಿಂದಿರುಗಿಸಬೇಕಾದದ್ದು ಆ ಅಧಿಕಾರವನ್ನು. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನಲ್ಲಿ ಸುಮಾರು 67.3 ಕೋಟಿ ಜನ ಹಸಿವಿನಲ್ಲಿದ್ದರು. ಈ ಸಂಖ್ಯೆಯ ಮುಂದೆ ವಡಲೂರಿನ ಒಲೆಯನ್ನು ನಾನು ಕೈಮುಗಿದು ನೋಡುತ್ತೇನೆ, ಆದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಐರ್ಲೆಂಡಿನಲ್ಲೇ 1847ರ ಬೇಸಿಗೆಯಲ್ಲಿ ಸರ್ಕಾರ ಕೊನೆಗೂ ಗಂಜಿಕೇಂದ್ರ ತೆರೆದಾಗ ದಿನಕ್ಕೆ 30 ಲಕ್ಷ ಜನರಿಗೆ ಊಟ ಸಿಕ್ಕಿತು. ಯಾವ ಸಂತನಿಗೂ ಆಗದ್ದು ಅದು. ಅದೇ ಸರ್ಕಾರ ಶರತ್ಕಾಲಕ್ಕೆ ಅದನ್ನು ಮುಚ್ಚಿತು, ಸಾವು ಮುಂದುವರಿಯಿತು.

ಆ ಕ್ಷಾಮದಲ್ಲಿ ಎಲ್ಲರೂ ಮೆಚ್ಚುವಂತೆ ನಡೆದುಕೊಂಡವರು ಕ್ವೇಕರರು. 1846ರ ನವೆಂಬರ್‌ನಲ್ಲಿ ಡಬ್ಲಿನ್ನಿನಲ್ಲಿ ಪರಿಹಾರ ಸಮಿತಿ ಮಾಡಿಕೊಂಡು ಹಳ್ಳಿಹಳ್ಳಿಗೆ ಹೋದರು, ಸೂಪಿನ ಪಾತ್ರೆಗಳನ್ನು ಒದಗಿಸಿದರು, ಯಾರನ್ನೂ ತಮ್ಮ ಪಂಥಕ್ಕೆ ಕರೆಯಲಿಲ್ಲ. ಅವರೂ ಶ್ರದ್ಧಾವಂತರಲ್ಲವೇ ಎಂದು ಮಿತ್ರರು ಕೇಳಬಹುದು. ಹೌದು. ಬೇಸರಪಡದ ಗುಣವೂ ಅವರಲ್ಲಿತ್ತು, ದುಡಿದು ದುಡಿದು ಆರೋಗ್ಯ ಕಳೆದುಕೊಂಡರು. ಆದರೆ ಒಂದು ಹಂತದಲ್ಲಿ ಪಾತ್ರೆ ಕೆಳಗಿಟ್ಟರು. 1849ರ ಜೂನ್‌ನಲ್ಲಿ ಸರ್ಕಾರದ ಕಡೆಯಿಂದ ಟ್ರೆವೆಲಿಯನ್, ಮತ್ತೆ ಕೆಲಸ ಆರಂಭಿಸುವುದಾದರೆ 100 ಪೌಂಡ್ ಕೊಡುವುದಾಗಿ ತಿಳಿಸಿದರು. ಇಷ್ಟು ಜನರ ಜೀವ ಉಳಿಸುವ ಹಣವನ್ನು ಎತ್ತುವುದು, ಬೇಕಾದ ಕ್ರಮಗಳನ್ನು ಕೈಗೊಳ್ಳುವುದು ಸರ್ಕಾರದಿಂದ ಮಾತ್ರ ಸಾಧ್ಯ, ಖಾಸಗಿ ದಾನದ ಕೈ ಅಲ್ಲಿಯವರೆಗೆ ಚಾಚದು ಎಂದು ಕ್ವೇಕರರು ಉತ್ತರ ಬರೆದರು. ಆ 100 ಪೌಂಡನ್ನು ಅವರು ಮುಟ್ಟಲಿಲ್ಲ.